ನನ್ನ ಸೊಂಟ ಕಾದ ಅತ್ತೆ

ನಮ್ಮತ್ತೆ ಪಿಳ್ಳಮ್ಮ ಎದುರಿಗೆ ನಿಂತವರ ಮುಖ ನೋಡಬೇಕಾದರೆ ಕತ್ತನ್ನು ಓರೆ ಮಾಡಿ, ಕೋಳಿ ಆಕಾಶ ನೋಡುವ ಹಾಗೆ ಒಂದೇ ಕಣ್ಣಲ್ಲಿ ನೋಡುತ್ತಿದ್ದರು. ಬೆನ್ನು ಅಷ್ಟು ಬಾಗಿಹೋಗಿತ್ತು. ಮದುವೆಯಾಗಿ ಹೊಸಕೋಟೆ ಪಕ್ಕದ ಆ ಹಳ್ಳಿಗೆ ಬಂದ ಹೊಸದರಲ್ಲಿ, ವಯಸ್ಸಾಗಿದೆ, ಅದಕ್ಕೇ ಹೀಗೆ ಅಂದುಕೊಂಡಿದ್ದೆ. ಅವರಿಗೆ ಆಗಿನ್ನೂ ಅರವತ್ತೂ ತುಂಬಿರಲಿಲ್ಲ.

ಬಂದ ಮಾರನೇ ಬೆಳಗ್ಗೆ ಅಂಗಳ ಗುಡಿಸುತ್ತಿದ್ದೆ. ಹಿಂದಿನಿಂದ ಬಂದು ಪೊರಕೆ ಕಿತ್ತುಕೊಂಡರು. ಏನೋ ತಪ್ಪಾಯಿತು ಅಂದುಕೊಂಡೆ.

"ಹಿಂಗೆ ಬಗ್ಗಿ ಗುಡಿಸ್ತಾರೇನೇ? ಅಡ್ಡಬೀಳೋದಾದ್ರೆ ದೇವಸ್ಥಾನದಲ್ಲಿ ಬೀಳು. ಕಸಕ್ಕೆ ಯಾಕೆ ಅಡ್ಡಬೀಳ್ತೀಯ?" ಎನ್ನುತ್ತಾ ಅದೇ ಪೊರಕೆಯನ್ನು ಉದ್ದನೆಯ ಬಿದಿರು ಕೋಲಿಗೆ ಬಿಗಿಯಾಗಿ ಕಟ್ಟಿಕೊಟ್ಟರು.

ಅಲ್ಲಿಂದ ಶುರು. ಬಿಂದಿಗೆ ಎತ್ತುವ ಮುಂಚೆ ಮಂಡಿ ಬಗ್ಗಿಸಿ ಕೂರಬೇಕು, ಮೈಗೆ ಅವುಚಿಕೊಂಡೇ ಏಳಬೇಕು. ಬಕೆಟ್ಟು ಅರ್ಧ ತುಂಬಿದರೆ ಸಾಕು, "ಎರಡು ಸಲ ಹೋಗು, ಕಾಲೇನು ಸವೆಯಲ್ಲ." ಒಲೆ ಮುಂದೆ ಬಹಳ ಹೊತ್ತು ನಿಂತರೆ ಕಾಲ ಬುಡಕ್ಕೆ ಒಂದು ಮಣೆ ತಳ್ಳಿ, ಒಂದೊಂದೇ ಕಾಲನ್ನು ಅದರ ಮೇಲಿಡಲು ಹೇಳುತ್ತಿದ್ದರು. ನಾನು ಪಿಲ್ಲಗುಂಪೆಯ ಕಾರ್ಖಾನೆಗೆ ಹೋಗುತ್ತಿದ್ದವಳು. ಬೆಳಗಿನ ಗಡಿಬಿಡಿಯಲ್ಲಿ ಇದೆಲ್ಲ ಕಿರಿಕಿರಿ ಅನ್ನಿಸುತ್ತಿತ್ತು. "ಇದನ್ನೆಲ್ಲ ನಿಮಗೆ ಯಾರು ಹೇಳ್ಕೊಟ್ರು ಅತ್ತೆ?" ಎಂದು ಒಮ್ಮೆ ಕೇಳಿಯೇಬಿಟ್ಟೆ.

"ಯಾರೂ ಇಲ್ಲ. ನಾನು ಮಾಡಿದ್ದಕ್ಕೆಲ್ಲ ಉಲ್ಟಾ ಹೇಳ್ತಾ ಇದೀನಿ, ಅಷ್ಟೆ."

ಹಿತ್ತಲಿನ ಬಟ್ಟೆ ಒಗೆಯುವ ಕಲ್ಲು ನೆಲಮಟ್ಟಕ್ಕಿತ್ತು. ಅದನ್ನು ಎತ್ತರ ಮಾಡು ಎಂದು ಮಗ ನಾಗೇಶನಿಗೆ, ಅಂದರೆ ನಮ್ಮ ಮನೆಯವರಿಗೆ, ಹೇಳುತ್ತಲೇ ಇದ್ದರು. "ಮಾಡೋಣ ಬಿಡಮ್ಮ" ಎಂದು ಅವರು ಮುಂದೂಡುತ್ತಿದ್ದರು. ಒಂದು ಭಾನುವಾರ ದೇವನಹಳ್ಳಿಯಿಂದ ಅತ್ತೆಯ ನಾದಿನಿ ಬಂದಿದ್ದರು. ಅವರ ಮುಂದೆಯೂ ಕಲ್ಲಿನ ಮಾತೇ ಬಂತು.

"ಏನತ್ತಿಗೆ, ನಿನ್ನ ಸೊಸೆ ಮೇಣದ ಬೊಂಬೆನಾ? ಅದೇ ಕಲ್ಲಲ್ಲಿ ನೀನು ಒಗೀಲಿಲ್ವಾ?" ಎಂದು ನಾದಿನಿ ನಕ್ಕರು.

ಅತ್ತೆ ಮೆಲ್ಲಗೆ ಎದ್ದು, ಅವರ ಮುಂದೆ ಹೋಗಿ ಬೆನ್ನು ತಿರುಗಿಸಿ ನಿಂತರು.

"ನೋಡು, ಒಗ್ದಿದೀನಿ."

ಹಾಗೇ ನಿಂತು ಮುಂದುವರಿಸಿದರು. "ನಾಗೇಶ ಹುಟ್ಟಿ ಇನ್ನೂ ತಿಂಗಳಾಗಿರ್ಲಿಲ್ಲ. ಸೊಂಟ ನೋಯ್ತದೆ ಅಂತ ನಿಮ್ಮವ್ವನ ಹತ್ರ ಹೇಳ್ದೆ. ಹೆಂಗಸರಿಗೆ ಸೊಂಟ ಇರೋದೇ ನೋಯೋಕೆ ಅಂದ್ರು. ಆಮೇಲೆ ಯಾರ ಹತ್ರಾನೂ ಹೇಳ್ಲಿಲ್ಲ."

ನಾದಿನಿ ಕಾಫಿ ಲೋಟ ಕೆಳಗಿಟ್ಟರು. ನಮ್ಮ ಮನೆಯವರು ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದರು.

ಮಾರನೇ ದಿನ ಅವರು ಕೆಲಸಕ್ಕೆ ಹೋಗಲಿಲ್ಲ. ಸಿಮೆಂಟು, ಇಟ್ಟಿಗೆ ತಂದು ತಾವೇ ಕಟ್ಟಲು ಕೂತರು. ಅತ್ತೆ ನನ್ನನ್ನು ಪಕ್ಕಕ್ಕೆ ನಿಲ್ಲಿಸಿ, ಸೊಂಟಕ್ಕೆ ಅಂಗೈ ಒತ್ತಿ ಹಿಡಿದು, "ಇಲ್ಲಿಗ್ ಬರ್ಲಿ" ಎಂದು ಅಳತೆ ಕೊಟ್ಟರು. ಕೆಲಸ ಮುಗಿದ ಮೇಲೆ ತಾವೂ ಹೋಗಿ ನಿಂತು ನೋಡಿದರು. ಕಲ್ಲು ಅವರ ಗಲ್ಲದ ಹತ್ತಿರಕ್ಕೆ ಬಂದಿತ್ತು. ಅದರ ಮೇಲೆ ಒಂದು ಕರವಸ್ತ್ರ ಕುಸುಬುವುದೂ ಅವರಿಂದ ಆಗುವಂತಿರಲಿಲ್ಲ.

"ನನ್ನ ಅಳತೆ ಅಲ್ಲ ಬಿಡು ಇದು" ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಆಮೇಲೆ ಅವರ ಸೀರೆಗಳನ್ನೂ ನಾವಿಬ್ಬರೇ ಒಗೆದೆವು, ಒಂದು ದಿನ ನಾನು, ಒಂದು ದಿನ ಅವರ ಮಗ. ಗಂಡಸು ಬಟ್ಟೆ ಒಗೆಯುತ್ತಾನೆಂದು ಬೀದಿಯವರು ಆಡಿಕೊಂಡರು. ಅತ್ತೆ ಜಗಲಿಯಲ್ಲಿ ಕೂತು ಅವರೇಕಾಯಿ ಸುಲಿಯುತ್ತಾ, ಕೇಳಿಸದವರಂತೆ ಇದ್ದುಬಿಡುತ್ತಿದ್ದರು.

ಹೋದ ವರ್ಷ ಅವರು ಹಾಸಿಗೆ ಹಿಡಿದರು. ಒಣಗಿ ಕಡ್ಡಿಯಾಗಿದ್ದರೂ ನಾನೊಬ್ಬಳೇ ಎತ್ತಿ ಕೂರಿಸಲು ಬಿಡುತ್ತಿರಲಿಲ್ಲ. ಒಂದು ಬೆಳಗ್ಗೆ ನಮ್ಮ ಮನೆಯವರು ಹಾಲು ಹಾಕಲು ಡೇರಿಗೆ ಹೋಗಿದ್ದರು. ಅತ್ತೆ ನೀರು ಕೇಳಿದರು. ಕೂರಿಸೋಣವೆಂದು ಕೈ ಚಾಚಿದೆ.

"ಬ್ಯಾಡ. ನಾಗೇಶ ಬರ್ಲಿ, ಇಬ್ರೂ ಹಿಡ್ಕೊಳ್ಳಿ."

"ನೀವೇನು ಭಾರ ಇಲ್ಲ ಅತ್ತೆ."

"ಎಲ್ಲಾರೂ ಹಂಗಂದ್ಕೊಂಡೇ ಎತ್ತೋದು ಕಣಮ್ಮ."

ಮಲಗಿದ್ದಂತೆಯೇ ಚಮಚದಲ್ಲಿ ನೀರು ಹಾಕಿದೆ. ಒಂದೆರಡು ಗುಟುಕು ಇಳಿಯಿತು. ಆಮೇಲಿನದು ತುಟಿಯಂಚಿನಿಂದ ಹರಿದು ದಿಂಬು ಒದ್ದೆಯಾಯಿತು. ಅತ್ತೆ, ಅತ್ತೆ ಎಂದು ಕರೆದೆ. ಮಾತಿಲ್ಲ, ಉಸಿರೂ ಇಲ್ಲ.

ಹೊರಗೆ ಬೈಕು ನಿಂತ ಸದ್ದಾಯಿತು. ಖಾಲಿ ಕ್ಯಾನು ಕೆಳಗಿಡುತ್ತಾ ಅವರು ಎಂದಿನಂತೆ ಅಂಗಳದಿಂದಲೇ ಕೂಗಿದರು.

"ಬಂದೆ ಕಣಮ್ಮ, ತಾಳು. ಇಬ್ರೂ ಎತ್ತೀವಿ."