ಚುಚ್ಚುಮದ್ದು ಬರೆಯಲು ಅವಸರಪಡದ ವೈದ್ಯೆ

ಪುರುಷರ ಹಾರ್ಮೋನ್ ಕೊರತೆಗೆ ಟೆಸ್ಟೋಸ್ಟೆರಾನ್ ಚುಚ್ಚುಮದ್ದು ಬರೆದು ಕೈತೊಳೆದುಕೊಳ್ಳುವುದೇ ಚಿಕಿತ್ಸೆಯೆಂದು ನಾವೆಲ್ಲ ನಂಬಿದ್ದ ಕಾಲದಲ್ಲಿ, ಆ ಕೃತಕ ಔಷಧವನ್ನು ಯಾರಿಗೆ ಕೊಡಬೇಕು ಎಂಬುದಕ್ಕಿಂತ ಯಾರಿಗೆ ಕೊಡಬಾರದು ಎಂಬುದನ್ನು ನಮ್ಮ ಆಸ್ಪತ್ರೆಗೆ ಕಲಿಸಿದವರು ಇಂದು ನಿವೃತ್ತರಾಗುತ್ತಿರುವ ನಮ್ಮ ಹಾರ್ಮೋನ್ ತಜ್ಞೆ. ಈ ಹಾರ್ಮೋನಿನ ಮಟ್ಟ ಮಧ್ಯಾಹ್ನಕ್ಕೆ ಸಹಜವಾಗಿಯೇ ಇಳಿಯುವುದರಿಂದ, ಬೆಳಗ್ಗೆ ಒಂಬತ್ತರೊಳಗೆ ತೆಗೆದ ರಕ್ತವನ್ನಲ್ಲದೆ ನಂಬದ ಅವರಿಗೆ ಲ್ಯಾಬಿನವರು ‘ಬೆಳಗಿನ ಮೇಡಂ’ ಎಂದು ಹೆಸರಿಟ್ಟಿದ್ದರು. ಇಪ್ಪತ್ತೆಂಟು ವರ್ಷ ಅದೇ ವಿಭಾಗದ ವೈದ್ಯನಾಗಿ ಅವರ ಪಕ್ಕದ ಕೊಠಡಿಯಲ್ಲಿ ಕುಳಿತವನು ನಾನು; ಸೇವೆಯಲ್ಲಿ ಒಂದು ವರ್ಷ ಹಿರಿಯ, ವಯಸ್ಸಿನಲ್ಲಿ ಎರಡು ವರ್ಷ ಕಿರಿಯ. ಅಭಿನಂದನ ಗ್ರಂಥದಲ್ಲಿ ಆಡಬಾರದ ಮಾತಾದರೂ ಆಡುತ್ತೇನೆ: ಅವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು.

ಗಂಡಸರು ಹೆಂಗಸಿನೆದುರು ಇಂಥ ಕಾಯಿಲೆಯ ಬಗ್ಗೆ ಬಾಯಿಬಿಡಲಾರರು, ಎಲ್ಲರೂ ನನ್ನ ಬಾಗಿಲಿಗೇ ಬರುತ್ತಾರೆ ಎಂದು ಮೊದಲು ಎಣಿಸಿದ್ದೆ. ಆರೇ ತಿಂಗಳಲ್ಲಿ ಆ ಎಣಿಕೆ ತಲೆಕೆಳಗಾಯಿತು. ನನ್ನ ಸ್ವಂತ ಭಾವನವರೇ ನನ್ನ ಕೊಠಡಿ ದಾಟಿಹೋಗಿ ಅವರ ಬೆಂಚಿನಲ್ಲಿ ಕುಳಿತಿದ್ದರು. “ನಿನ್ನ ಹತ್ರ ಹೇಳ್ಕೊಳ್ಳೋಕೆ ನಾಚಿಕೆ ಕಣೋ” ಎಂದರು.

ಹನ್ನೊಂದು ವರ್ಷದ ಹಿಂದೆ, ಸದಾ ಸುಸ್ತೆಂದು ಒಬ್ಬ ಬಸ್ ಚಾಲಕ ನನ್ನಲ್ಲಿಗೆ ಬಂದ. ಮಧ್ಯಾಹ್ನ ಮಾಡಿಸಿದ ಒಂದೇ ರಕ್ತಪರೀಕ್ಷೆ ನೋಡಿ ಚುಚ್ಚುಮದ್ದು ಆರಂಭಿಸಿದೆ. ಮೂರನೆಯದಕ್ಕೆ ಬಂದಾಗ ನಾನು ರಜೆಯಲ್ಲಿದ್ದೆ. ಮೇಡಂ ಕೇಳಿದರಂತೆ: “ಮಕ್ಕಳಾಗಬೇಕು ಅಂತ ಇದೆಯಾ?”

“ಅದಕ್ಕೇ ಅಲ್ವಾ ಮೇಡಂ ಇದನ್ನ ತಗೋತಿರೋದು! ಮದುವೆಯಾಗಿ ಆರು ವರ್ಷ ಆಯ್ತು.”

ಹೊರಗಿನಿಂದ ಈ ಹಾರ್ಮೋನ್ ಕೊಟ್ಟರೆ ವೀರ್ಯಾಣುಗಳ ಉತ್ಪತ್ತಿಯೇ ಕುಗ್ಗುತ್ತದೆ. ಆ ಪ್ರಶ್ನೆಯನ್ನು ನಾನು ಕೇಳಿಯೇ ಇರಲಿಲ್ಲ.

ರಜೆ ಮುಗಿಸಿ ಬಂದವನೇ ಜಗಳಕ್ಕೆ ಹೋದೆ. “ನನ್ನ ರೋಗಿನ ನೀವ್ಯಾಕೆ ನೋಡಿದ್ರಿ?”

“ಈಗಲೂ ನಿಮ್ಮ ರೋಗಿನೇ. ನಿಲ್ಲಿಸೋಕೆ ನೀವೇ ಫೋನಲ್ಲಿ ಹೇಳಿದ್ರಿ ಅಂತ ಅವ್ರಿಗೆ ಹೇಳಿದ್ದೀನಿ. ಮುಂದಿನ ಸಲ ನಿಮ್ಮ ಹತ್ರಾನೇ ಬರ್ತಾರೆ.”

ನಾನು ಫೋನೇ ಮಾಡಿರಲಿಲ್ಲ. ಬೈದಿದ್ದರೆ ಸಹಿಸಬಹುದಿತ್ತು.

ಔಷಧ ನಿಂತು ಕೆಲವು ತಿಂಗಳ ಮೇಲೆ ಮಾಡಿಸಿದ ಎರಡು ಬೆಳಗಿನ ಪರೀಕ್ಷೆಗಳೂ ಸರಿಯಾಗಿಯೇ ಬಂದವು. ಸುಸ್ತಿಗೆ ಕಾರಣ, ಉಸಿರುಕಟ್ಟಿಸುವ ಗೊರಕೆಯಿಂದ ಕೆಡುತ್ತಿದ್ದ ನಿದ್ದೆ. ಆ ಸುಳಿವನ್ನು ಕೊಟ್ಟವರೂ ಅವರೇ. ಎರಡು ವರ್ಷದ ನಂತರ ಚಾಲಕ ಹೆಂಡತಿಯೊಡನೆ ಬಂದು ಹಸುಗೂಸನ್ನು ನನ್ನ ಕೈಗಿಟ್ಟ. “ಸರಿಯಾದ ಹೊತ್ತಲ್ಲಿ ನಿಲ್ಲಿಸಿದ್ರಿ ಸಾರ್. ನಿಮ್ಮ ಉಪಕಾರ ಮರೆಯಲ್ಲ.”

ಬಾಗಿಲಲ್ಲಿ ಮೇಡಂ ನಿಂತಿದ್ದರು. ಈಗಲಾದರೂ ನಿಜ ಹೇಳುತ್ತಾರೆಂದು ಕಾದೆ. “ಎಷ್ಟು ಮುದ್ದಾಗಿದಾಳೆ!” ಎಂದಷ್ಟೇ ಹೇಳಿ ಹೊರಟುಹೋದರು. ನಾನೂ ಹೇಳಲಿಲ್ಲ.

ಅಂದು ನುಂಗಿದ ಮಾತನ್ನು ಇಂದು ಅಚ್ಚಿನಲ್ಲಿ ಹೇಳುತ್ತಿದ್ದೇನೆ: ಆ ಕೃತಜ್ಞತೆ ಅವರಿಗೆ ಸೇರಿದ್ದು. ಅವರು ನೂರ್ಕಾಲ ಆರೋಗ್ಯದಿಂದಿರಲಿ, ಒಪ್ಪಿಕೊಂಡಂತೆ ವಾರಕ್ಕೆರಡು ದಿನ ಬಂದು ಕಿರಿಯ ವೈದ್ಯರಿಗೆ ಪಾಠ ಹೇಳುತ್ತಿರಲಿ. ಆ ತರಗತಿಗೆ ಮೊದಲು ಹೆಸರು ಕೊಟ್ಟವನು ನಾನು. ಹೊಟ್ಟೆಕಿಚ್ಚು ಆರಿತೆಂದು ಮಾತ್ರ ಯಾರೂ ತಿಳಿಯಬೇಕಾಗಿಲ್ಲ.