ಡಿಸೆಂಬರಿಗೆ ಬಿದ್ದವರು

ಜುಲೈ ಹದಿನೆಂಟು ಬಂತೆಂದರೆ ಚರಿತ್ರೆ ಟೀಚರ್ ಇರ್ಮಾಗೆ ಮೈಯೆಲ್ಲ ಉರಿ. ಉರಿಯದೆ ಇನ್ನೇನು? ಬ್ಯೂನಸ್ ಐರಿಸ್‌ನ ಅವರ ಪ್ರೌಢಶಾಲೆಯಿಂದ ನಾಲ್ಕು ಬೀದಿ ಆಚೆ, ಯೆಹೂದಿ ಸಂಘದ ಕಟ್ಟಡವನ್ನು ಬಾಂಬಿಟ್ಟು ಉರುಳಿಸಿ ಮೂವತ್ತು ವರ್ಷ ದಾಟಿತ್ತು. ಸತ್ತ ಎಂಬತ್ತೈದು ಜನರಲ್ಲಿ ಅವರ ಗೆಳತಿ ಪೆರ್ಲಾ ಒಬ್ಬಳು. ಕೆಲಸ ಕೇಳಲು ಹೋಗಿ ಸಾಲಿನಲ್ಲಿ ನಿಂತಿದ್ದವಳು. ಪ್ರತಿವರ್ಷ ಈ ಪಾಠ ಮಾಡಿದರೂ ಪೆರ್ಲಾಳ ಹೆಸರನ್ನು ಮಾತ್ರ ಇರ್ಮಾ ತರಗತಿಯಲ್ಲಿ ಎತ್ತಿದವರಲ್ಲ. ದಿನಾಂಕ, ಸಂಖ್ಯೆ ಹೇಳಿ ಮುಗಿಸುತ್ತಿದ್ದರು.

ಈ ಸಲ ಹೆಡ್‌ಮೇಡಂ ಡೆಲ್ಫಿನಾ ಒಂದು ಕಟ್ಟು ಹಾಳೆ ತಂದು ಕೈಗಿಟ್ಟರು. ಎಲ್ಲದರಲ್ಲೂ ಶಾಂತಿಯ ಪಾರಿವಾಳದ ಚಿತ್ರ.

"ಬಣ್ಣ ಹಾಕಿಸಿ ಸಾಕು. ಪ್ರಶ್ನೆ ಗಿಶ್ನೆ ಬೇಡ. ಹೋದ ವರ್ಷ ಪೋಷಕರು ಬಂದು ಕೂಗಾಡಿದ್ದು ಮರೆತ್ರಾ? ಇನ್ನೊಂದು ದೂರು ಬಂದ್ರೆ ಈ ಪಾಠ ನಿಮ್ ಕೈಲಿರಲ್ಲ."

"ಹದಿಮೂರು ವರ್ಷದ ಮಕ್ಳಿಗೆ ಪಾರಿವಾಳಾನಾ?"

"ಹೇಳಿದಷ್ಟು ಮಾಡಿ ತಾಯಿ."

ಹಲ್ಲು ಕಚ್ಚಿಕೊಂಡು ಹಂಚಿದರು. ಮುಂದಿನ ಬೆಂಚಿನ ಮೈತೆನಾ ಹಾಳೆಯನ್ನು ಮುಟ್ಟಲೇ ಇಲ್ಲ.

"ಟೀಚರ್, ಇದು ನನ್ ತಮ್ಮಂಗೆ ಸರಿ, ಅವ್ನು ಶಿಶುವಿಹಾರ. ಬಾಂಬಿಟ್ಟೋರ್ನ ಹಿಡಿದ್ರಾ?"

ಇರ್ಮಾ ಉತ್ತರ ನುಂಗಲು ನೋಡಿದರು, ಆಗಲಿಲ್ಲ. "ಬಾಂಬಿಟ್ಟಿದ್ದಕ್ಕೆ ಒಬ್ಬನಿಗೂ ಶಿಕ್ಷೆ ಆಗಿಲ್ಲ ಕಣೇ."

"ಅಯ್ಯೋ! ನಾವು ಒಂದಿನ ಹೋಂವರ್ಕ್ ತರ್ದಿದ್ರೆ ತರಗತಿ ಕಿತ್ತೋಗೋ ಹಾಗೆ ಬೈತೀರಿ!"

ಹಿಂದಿನಿಂದ ನಾಸಾರೆನೊ ಕೂಗಿದ: "ಹಿಡೀಬೇಕಾದೋರು ಡಿಸೆಂಬರ್‌ಗೆ ಬಿದ್ರು ಬಿಡಿ!"

ಎಲ್ಲರೂ ನಕ್ಕರು. ಫೇಲಾದವರು ಡಿಸೆಂಬರಿನಲ್ಲಿ ಮತ್ತೆ ಪರೀಕ್ಷೆಗೆ ಕೂರಬೇಕು; ಆ ಊರಿನ ಮಕ್ಕಳಿಗೆ ಅದಕ್ಕಿಂತ ದೊಡ್ಡ ಬೈಗುಳವಿಲ್ಲ. ಇರ್ಮಾ ನಗಲಿಲ್ಲ.

"ಹಾಳೆ ತಿರುಗಿಸಿ. ಹಿಂದೆ ಅಂಕಪಟ್ಟಿ ಬರೀರಿ. ಯಾರ್‍ಯಾರು ಏನೇನು ಮಾಡ್ಬೇಕಿತ್ತು, ಎಷ್ಟು ಮಾಡಿದ್ರು. ಹತ್ತಕ್ಕೆ."

ಪಾರಿವಾಳಗಳೆಲ್ಲ ಮಕಾಡೆ ಬಿದ್ದವು. ಪೊಲೀಸರಿಗೆ ಒಂದು, ನ್ಯಾಯಾಧೀಶರಿಗೆ ಒಂದು, ಸರ್ಕಾರಕ್ಕೆ ಸೊನ್ನೆ. ಜಗಳವಾಡಿ, ಕಾರಣ ಕೇಳಿ, ಅಳಿಸಿ ಬರೆದರು. ಮೈತೆನಾ ಒಂದು ಹಾಳೆಯನ್ನು ಟೀಚರಿಗೂ ಕೊಟ್ಟಳು: "ನೀವೂ ಅಂಕ ಹಾಕಿ."

ಒಂಬತ್ತು ಐವತ್ತಮೂರಕ್ಕೆ, ಬಾಂಬು ಸಿಡಿದ ಹೊತ್ತಿಗೆ ಸರಿಯಾಗಿ, ಪ್ರತಿವರ್ಷದಂತೆ ಬೀದಿಯಲ್ಲಿ ಸೈರನ್ ಕೂಗಿತು. ಎಲ್ಲರೂ ಎದ್ದು ನಿಂತರು. ಅದು ನಿಂತಾಗ ಬಾಗಿಲಲ್ಲಿ ಹೆಡ್‌ಮೇಡಂ. ಒಳಬಂದವರೇ ಮೇಜಿನ ಮೇಲಿದ್ದ ಹಾಳೆ ಎತ್ತಿಕೊಂಡರು. ಇರ್ಮಾ ಅವರ ಅಕ್ಷರ.

'ಇರ್ಮಾ. ಪೆರ್ಲಾಳ ವಿಷಯ ಮಕ್ಕಳಿಗೆ ಹೇಳುವುದು: ಸೊನ್ನೆ. ಡಿಸೆಂಬರ್.'

ಹೆಡ್‌ಮೇಡಂಗೆ ಅರ್ಥವಾಗಲಿಲ್ಲ. "ಏನ್ರೀ ಇದೆಲ್ಲಾ? ಬರೋ ವರ್ಷದಿಂದ ಈ ಪಾಠ ಬೇರೆಯವರಿಗೆ. ಮುಗೀತು."

"ಬರೋ ವರ್ಷ ತಾನೇ? ಇವತ್ತು ಬೆಲ್ ಆಗೋಕೆ ಇನ್ನೂ ಇಪ್ಪತ್ತು ನಿಮಿಷ ಇದೆ," ಎಂದ ಇರ್ಮಾ ಮಕ್ಕಳ ಕಡೆ ತಿರುಗಿದರು.

"ಕೂತ್ಕೊಳ್ಳಿ. ಪೆರ್ಲಾ ಅಂತ ನಂಗೊಬ್ಳು ಗೆಳತಿ ಇದ್ಲು."