ಅರ್ಧ ಬಾಯಿ

ನಮ್ಮ ಮನೆಯವರು ಸರಕಾರಿ ಬಸ್ಸಿನ ಕಂಡಕ್ಟರ್. ಹಾನಗಲ್ಲಿನಿಂದ ತಿಳವಳ್ಳಿ ಮೇಲೆ ಹಿರೇಕೆರೂರಿಗೆ ಹೋಗಿಬರುವ ಗಾಡಿ ಬಹಳ ವರ್ಷಗಳಿಂದ ಅವರದೇ. ಗೋವಿನಜೋಳ ಹಾಲುಗಟ್ಟುವ ದಿನಗಳಲ್ಲಿ ತಿಳವಳ್ಳಿ ಬಸ್ ನಿಲ್ದಾಣದಲ್ಲಿ ಸುಟ್ಟ ತೆನೆ ಮಾರುತ್ತಾರೆ. ವಾರಕ್ಕೆ ಎರಡು ಸಲವಾದರೂ ನಾಲ್ಕು ತೆನೆ ಕಾಗದದಲ್ಲಿ ಸುತ್ತಿಸಿಕೊಂಡು ಮನೆಗೆ ತರುವುದು ಅವರ ರೂಢಿ. ನಾನು ಎರಡು ಸಾಲು ಮುಗಿಸುವಷ್ಟರಲ್ಲಿ ಅವರ ಕೈಯಲ್ಲಿ ಬರೀ ದಿಂಡು ಉಳಿದಿರುತ್ತಿತ್ತು. ಎರಡು ವರ್ಷದ ಹಿಂದೆ ಒಂದು ಸಂಜೆ ಅವರು ತೆನೆಯನ್ನು ಬಾಯಿಗೇ ಹಿಡಿಯಲಿಲ್ಲ. ತಾಟಿನಲ್ಲಿ ಇಟ್ಟುಕೊಂಡು, ಹೆಬ್ಬೆರಳಿನಿಂದ ಸಾಲು ಸಾಲಾಗಿ ಕಾಳು ಬಿಡಿಸಿ, ಅಂಗೈಯಿಂದ ನೇರ ಹಿಂದಿನ ದವಡೆಗೆ ಹಾಕಿಕೊಂಡರು.

"ಯಾಕ್ರಿ, ತೆನಿ ಬಲತಾವೇನು?" ಎಂದೆ.

"ಇಲ್ಲ, ಹಿಂಗ ತಿಂದ್ರ ರುಚಿ ಹತ್ತತೈತಿ."

ಅಂದಿನಿಂದ ನಾನು ಅವರ ಊಟದ ಮೇಲೆ ಒಂದು ಕಣ್ಣಿಟ್ಟೆ. ಕಡಕ್ ರೊಟ್ಟಿಯನ್ನು ಸಾರಿನಲ್ಲಿ ಅದ್ದಿ ಮೆತ್ತಗಾಗುವವರೆಗೆ ಕಾಯುತ್ತಿದ್ದರು. ಪೇರಲ ಹಣ್ಣಿಗೆ ಚಾಕು ಕೇಳಿದರು. ಬೆಳಿಗ್ಗೆ ಬಾಯಿ ಮುಕ್ಕಳಿಸಿದ ನೀರಿನಲ್ಲಿ ಮೊದಲು ಕೆಂಪು ಕಾಣುತ್ತಿದ್ದುದು ನನಗೆ ನೆನಪಿತ್ತು, ಆಮೇಲೆ ನಿಂತಿತ್ತು. ವಾಸಿಯಾಯಿತು ಎಂದುಕೊಂಡಿದ್ದೆ. ಆದರೆ ಇಬ್ಬರೂ ಒಂದೇ ದಿನ ತೆಗೆದ ಬ್ರಷ್ಷುಗಳಲ್ಲಿ ನನ್ನದರ ಎಳೆಗಳು ಹರಡಿಹೋಗಿದ್ದರೆ ಅವರದು ಹೊಸದರ ಹಾಗೆ ನಿಂತಿತ್ತು.

ಕೇಳಿದಾಗ ನಿಜ ಹೇಳಿದರು. "ಮುಂದಿನ ಹಲ್ಲಿಗೆ ಬ್ರಷ್ ಮುಟ್ಟಿಸಿದ್ರ ರಕ್ತ ಬರತಿತ್ತು. ಅದಕ್ಕ ಅಲ್ಲಿ ಬಿಟ್ಟೆ. ಈಗ ನೋಡ, ಬರೂದಿಲ್ಲ."

ನಾನು ಅಂಗನವಾಡಿಯಲ್ಲಿ ಕಲಿಸುವವಳು. ಮಕ್ಕಳನ್ನು ಸಾಲಾಗಿ ಕೂರಿಸಿ ಬಾಯಿ ತೆಗೆಸಿ ನೋಡುವುದು, ಯಾರು ಹಲ್ಲುಜ್ಜಿಲ್ಲ ಎಂದು ಹಿಡಿಯುವುದು ನನ್ನ ಕೆಲಸದಲ್ಲಿ ಒಂದು. ಮನೆಯಲ್ಲಿ ಯಾರ ಬಾಯನ್ನೂ ನೋಡಿರಲಿಲ್ಲ. ಹಲ್ಲಿನ ದವಾಖಾನೆ ಎಂದರೆ ಕೀಳಿಸುವ ಜಾಗ, ನೋವು ತಡೆಯಲಾಗದೆ ಹೋಗುವ ಜಾಗ ಎಂದೇ ನಾವೆಲ್ಲ ತಿಳಿದಿದ್ದೆವು.

ಅವರನ್ನು ಕೊನೆಗೆ ಹೊರಡಿಸಿದ್ದು ಸೀಟಿ. ಕಂಡಕ್ಟರ್ ಸೀಟಿಯನ್ನು ದಿನವಿಡೀ ಮುಂದಿನ ಹಲ್ಲುಗಳಲ್ಲೇ ಕಚ್ಚಿಕೊಂಡಿರುತ್ತಾನೆ, ಕೈಗಳು ಟಿಕೆಟ್ಟಿಗೆ ಬೇಕು. ಕಚ್ಚಿದರೆ ಕೆಳಗಿನ ಹಲ್ಲು ಅಲುಗುತ್ತದೆ ಎಂದು ಒಂದು ದಿನ ತಾವಾಗಿಯೇ ಹೇಳಿದರು. ಡ್ರೈವರ್ ಆಗಲೇ ಚೇಷ್ಟೆ ಶುರು ಮಾಡಿದ್ದನಂತೆ: "ಮುಂದ ಹಲ್ಲಿಲ್ಲದ ಕಂಡಕ್ಟರಂತ ಮಂದಿ ನಿನಗ ಸೀನಿಯರ್ ಸಿಟಿಜನ್ ತಿಕೀಟ ಹರದ ಕೊಡ್ತಾರ ನೋಡ." ನಗುತ್ತಲೇ ಹೇಳಿದರು, ಆದರೆ ಹೇಳುವಾಗ ಬಾಯಿಗೆ ಕೈ ಅಡ್ಡ ಇತ್ತು. ಇನ್ನೂ ಐವತ್ತಾಗಿಲ್ಲ. ಎದುರಿನ ನಾಲ್ಕು ಹಲ್ಲು ಹೋಗುತ್ತವೆಂಬ ಹೆದರಿಕೆ ಅವರಿಗೆ ಹತ್ತಿತ್ತು.

ಹಾನಗಲ್ಲಿನ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ, ಜೆರಾಕ್ಸ್ ಅಂಗಡಿಯ ಮೇಲಿನ ಮಹಡಿಯ ಹಲ್ಲಿನ ದವಾಖಾನೆಗೆ ಹೋದೆವು. ಡಾಕ್ಟರ್ ಮೂವತ್ತರ ಆಸುಪಾಸಿನ ಹೆಣ್ಣುಮಗಳು.

"ಎಲಿ ಅಡಿಕಿ ಹಾಕ್ತೀರೇನ್ರಿ?" ಎಂದು ಕೇಳಿದಳು.

"ಮದವಿ ಮುಂಜವಿಯೊಳಗ ಅಷ್ಟ್ರಿ."

"ನನ್ನ ಮುಂದ ಸುಳ್ಳ ನಡಿಯೂದಿಲ್ರಿ, ನಾ ಎಲಿಬಳ್ಳಿ ಬೆಳಿಯೂ ಸವಣೂರಾಕಿ. ಎಲಿ ತಿನ್ನೂ ಬಾಯಿ ನಮಗ ಬಾಗಲದಾಗ ಗೊತ್ತಾಗತೈತಿ."

ಇವರು ನಕ್ಕರು. ನಕ್ಕದ್ದಕ್ಕೆ ಬಾಯಿ ತೆರೆಯಿತು, ಅವಳು ಕನ್ನಡಿ ಹಾಕಿದಳು. ಕೆಳಗಿನ ಹಲ್ಲುಗಳ ಹಿಂಬದಿಗೆ ಹಳದಿ ಕಿಟ್ಟ ಸುಣ್ಣದ ಹಾಗೆ ಗಟ್ಟಿಯಾಗಿ ಕಟ್ಟಿತ್ತು. ಹಲ್ಲು ಎಲ್ಲಿ ಮುಗಿಯುತ್ತದೆ, ಕಿಟ್ಟ ಎಲ್ಲಿ ಶುರುವಾಗುತ್ತದೆ ಎಂದೇ ತಿಳಿಯುವಂತಿರಲಿಲ್ಲ. ಈ ಕಿಟ್ಟದಿಂದಲೇ ಒಸಡು ಬಾತು ರಕ್ತ ಬರುತ್ತಿತ್ತು, ರಕ್ತಕ್ಕೆ ಹೆದರಿ ಬ್ರಷ್ ಬಿಟ್ಟಿದ್ದಕ್ಕೆ ಕಿಟ್ಟ ಇನ್ನೂ ಬೆಳೆದಿತ್ತು.

"ನೋವ ಅಂತೂ ಇರಲಿಲ್ರಿ," ಎಂದರು ಇವರು.

"ಅದ ತೊಂದ್ರಿ ನೋಡ್ರಿ. ಹಲ್ಲ ಅಳ್ಳಾಡೂಮಟಾ ಇದು ಸುಮ್ನ ಇರತೈತಿ. ಒಳಗ ಎಲುಬ ಕರಗಿರತೈತಿ. ಹೋದ ಎಲುಬ ತಿರಗಿ ಬರಂಗಿಲ್ಲ. ವರ್ಷಕ್ಕ ಎರಡ ಸಲ ತೋರಿಸಿದ್ರ ನಿಮ್ಮ ಬಾಯಿ ಇಲ್ಲಿಗೆ ಬರತಿರಲಿಲ್ರಿ."

ಕಿಟ್ಟ ಕೆರೆದು ತೆಗೆಯುವುದು ಒಂದೇ ದಿನಕ್ಕೆ ಮುಗಿಯುವ ಕೆಲಸವಲ್ಲ ಎಂದಳು. ಅಂದು ಬಾಯಿಯ ಬಲಗಡೆ, ಮೇಲೂ ಕೆಳಗೂ ತೆಗೆದಳು. ಎಡಗಡೆ ಮುಂದಿನ ವಾರ. ಎದುರಿನ ನಾಲ್ಕರಲ್ಲಿ ಎಡಗಡೆಯ ನಡುವಿನದೊಂದು ಹೆಚ್ಚು ಸಡಿಲವಾಗಿದೆ, ಅದಕ್ಕಾಗಿಯಾದರೂ ತಪ್ಪಿಸಬೇಡಿ ಎಂದು ಎರಡು ಸಲ ಹೇಳಿ ಕಳಿಸಿದಳು.

ಮನೆಗೆ ಬಂದ ಮೇಲೆ ಇವರ ನಾಲಗೆ ಸುಮ್ಮನಿರಲಿಲ್ಲ. ಕಿಟ್ಟ ಹೋದ ಜಾಗದಲ್ಲಿ ಸಂದು ಸಿಗುತ್ತಿತ್ತು. ತಣ್ಣೀರು ಜುಮ್ಮೆನ್ನುತ್ತಿತ್ತು. ಕಿಟ್ಟದ ಆಸರೆ ತಪ್ಪಿದ್ದಕ್ಕೆ ಬಲಗಡೆಯ ಹಲ್ಲುಗಳು ಮೊದಲಿಗಿಂತ ಜಾಸ್ತಿ ಅಲುಗಿದಂತೆ ಅನ್ನಿಸಿತು. ಹಾಗೆ ಅನ್ನಿಸುತ್ತದೆ, ಹೆದರಬೇಡಿ ಎಂದು ಡಾಕ್ಟರ್ ಮೊದಲೇ ಹೇಳಿದ್ದಳು. ಆದರೆ ಅತ್ತೆ ಕಟ್ಟೆಯ ಮೇಲೆ ಕುಳಿತಿದ್ದರು. ಅವರ ಬಾಯಲ್ಲಿ ಒಂದೂ ಹಲ್ಲಿಲ್ಲ, ಅಡಿಕೆಯನ್ನು ಪುಟ್ಟ ಕಲ್ಲಿನಲ್ಲಿ ಕುಟ್ಟಿಕೊಂಡು ಹಾಕಿಕೊಳ್ಳುತ್ತಾರೆ.

"ಏನ ಮಾಡಿಸ್ಕೊಂಡ ಬಂದ್ಯೋ?"

"ಹಲ್ಲ ಸ್ವಚ್ಛ ಮಾಡಿಸ್ಕೊಂಡ ಬಂದೆ ಬೇ."

"ಅವೇನ ತಾಂಬ್ರದ ಕೊಡಾ ಏನ, ತಿಕ್ಕಿಸಿಕೊಂಡ ಬರಾಕ? ಗ್ವಾಡಿ ಸಂದ್ಯಾಗಿನ ಗಚ್ಚ ಕೀಳಿಸಿ ಬಂದೀ ನೀ. ಇನ್ನ ಕಲ್ಲ ನಿಂದರತಾವೇನು?"

"ಅತ್ತೀ, ನಿಮ್ಮ ಗಚ್ಚ ಯಾರೂ ಕಿತ್ತಿಲ್ಲಲ್ರಿ. ನಿಮ್ಮ ಕಲ್ಲ ಎಲ್ಲಿ ಹೋದುವು?" ಎಂದೆ.

"ನನ್ನವು ತಾವಾಗಿ ಹೋದುವು. ನಾ ಯಾರ ಮನಿಗೂ ಹೋಗಿ ಅಳ್ಳಾಡಿಸ್ಕೊಂಡ ಬಂದಿಲ್ಲ."

ನಗೆಯಾಯಿತು, ಆದರೆ ಆ ಮಾತು ಇವರೊಳಗೆ ಕುಳಿತುಬಿಟ್ಟಿತು. ಮುಂದಿನ ವಾರ ಡ್ಯೂಟಿ ಬದಲಾಗಿದೆ ಎಂದರು. ಅದರ ಮುಂದಿನ ವಾರ ಹತ್ತಿಮತ್ತೂರಿನಲ್ಲಿ ಬೀಗರ ಮನೆಯ ಕಾರ್ಯ. ನಾನು ಮೂರು ಸಲ ನೆನಪಿಸಿ ಬಿಟ್ಟೆ. ಬಾಯಿ ಅವರದು. ಎತ್ತಿ ಕೊಂಡೊಯ್ದು ಕುರ್ಚಿಯಲ್ಲಿ ಕೂರಿಸಲು ಅವರು ನನ್ನ ಅಂಗನವಾಡಿಯ ಮಗುವಲ್ಲ.

ಎರಡು ತಿಂಗಳಾಗಿರಬೇಕು. ಡಾಕ್ಟರ್ ಮೆತ್ತನೆಯ ಬ್ರಷ್ ಕೊಟ್ಟು ತಿಕ್ಕುವ ರೀತಿ ಕಲಿಸಿದ್ದಳು, ಅಷ್ಟನ್ನು ಮಾತ್ರ ಇವರು ಬಿಡದೆ ಮಾಡುತ್ತಿದ್ದರು. ಒಂದು ಬೆಳಿಗ್ಗೆ ನೊರೆಯಲ್ಲಿ ಮತ್ತೆ ಕೆಂಪು ಕಂಡಿತು.

"ಯಾವ ಕಡಿಂದ ಬರತೈತ್ರಿ?" ಎಂದೆ.

"ಯಾವ ಕಡೆ ಅಂದ್ರ? ಬಾಯಿಂದ."

ಅದು ಭಾನುವಾರ, ಅವರಿಗೂ ರಜೆ. ಅಂಗನವಾಡಿಯ ಕೈಗನ್ನಡಿ ಮನೆಯಲ್ಲೇ ಇತ್ತು. ಹಿತ್ತಲ ಬಿಸಿಲಿಗೆ ಕುರ್ಚಿ ಹಾಕಿ ಕೂರಿಸಿದೆ.

"ಟೀಚರ್, ಆ ಅನ್ಲೇನ್ರಿ?"

"ಅನ್ರಿ. ಜೋರಾಗಿ."

ತುಟಿ ಕೆಳಗೆ ಜಗ್ಗಿ ನೋಡಿದೆ. ಬಾಯಿಯ ಮಧ್ಯದಲ್ಲಿ ಯಾರೋ ಬದು ಹಾಕಿದ ಹಾಗಿತ್ತು. ಬಲಗಡೆಯ ಒಸಡು ತಿಳಿ ಬಣ್ಣದ್ದು, ಹಲ್ಲಿಗೆ ಬಿಗಿಯಾಗಿ ಹತ್ತಿಕೊಂಡಿತ್ತು. ಎಡಗಡೆಯದು ಕೆಂಪಗೆ ಬಾತು ಮಿಂಚುತ್ತಿತ್ತು. ಹತ್ತಿಯಿಂದ ಒತ್ತಿದರೆ ಆ ಕಡೆಯಷ್ಟೇ ರಕ್ತ. ಕನ್ನಡಿ ಅವರ ಕೈಗೆ ಕೊಟ್ಟೆ. ಅವರು ಒಂದೊಂದೇ ಹಲ್ಲನ್ನು ಬೆರಳಿನಿಂದ ಒತ್ತಿ ನೋಡಿಕೊಂಡರು. ಬೀಳುತ್ತವೆ ಎಂದು ಹೆದರಿದ್ದ ಬಲಗಡೆಯವು ಗಟ್ಟಿಯಾಗಿದ್ದವು. ಮುಟ್ಟಿಸಿಕೊಳ್ಳದ ಎಡಗಡೆಯ ನಡುವಿನದು ನೆಲ ಸಡಿಲಾದ ಗೂಟದ ಹಾಗೆ ಆಚೀಚೆ ಹೋಯಿತು.

"ಈ ವಾರ ರಜಾ ಕೇಳ್ತೇನಿ," ಎಂದರು.

ರಜೆ ಶನಿವಾರಕ್ಕೆ ಸಿಕ್ಕಿತು. ಗುರುವಾರವೇ ಹಿರೇಕೆರೂರಿನ ಕ್ಯಾಂಟೀನಿನಲ್ಲಿ ಇಡ್ಲಿ ತಿನ್ನುವಾಗ ಆ ಹಲ್ಲು ಬಾಯಲ್ಲಿ ಬಿಡಿಯಾಗಿ ಸಿಕ್ಕಿತಂತೆ. ಟಿಕೆಟ್ ಕಾಗದದಲ್ಲಿ ಸುತ್ತಿ ಕಿಸೆಯಲ್ಲಿಟ್ಟುಕೊಂಡು ಉಳಿದ ಟ್ರಿಪ್ ಮುಗಿಸಿ ಬಂದರು. ಅತ್ತೆಯ ಮುಂದೆ ಬಿಚ್ಚಿ ಇಟ್ಟರು. ಅತ್ತೆ ಅದನ್ನು ಬೆಳಕಿಗೆ ಹಿಡಿದು ತಿರುಗಿಸಿದರು. ಬೇರಿನ ಅರ್ಧದವರೆಗೂ ಕಪ್ಪು ಹಳದಿ ಕಿಟ್ಟ ಸುತ್ತಿಕೊಂಡಿತ್ತು. ಉಗುರಿನಿಂದ ಕೆರೆದರು, ಬರಲಿಲ್ಲ.

"ಇದರ ಗಚ್ಚ ಹಂಗ ಐತಲ್ಲೋ," ಎಂದರು. ಹಲ್ಲನ್ನು ಮತ್ತೆ ಕಾಗದದಲ್ಲಿ ಸುತ್ತಿಕೊಡುತ್ತ, "ನಾಡಿದ್ದ ಹೋಗ. ಉಳಿದದ್ದು ತೋರಿಸ್ಕೊಂಡ ಬಾ," ಎಂದರು.

ಶನಿವಾರ ಡಾಕ್ಟರ್ ಎಡಗಡೆಯನ್ನು ಮುಗಿಸಿದಳು. ಬಯ್ಯುತ್ತಾಳೆಂದು ಇವರು ತಯಾರಾಗಿ ಹೋಗಿದ್ದರು. ಅವಳು ಬಯ್ಯಲಿಲ್ಲ. "ಎದುರಿಂದು ಮೂರ ಉಳದಾವು. ಮೂರನ್ನೂ ಕಾಯೂನ್ರಿ," ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ಅಕ್ಕಾರ, ನೀವೂ ಬರ್ರಿ, ಕುಂದರ್ರಿ," ಎಂದಳು.

"ನನಗೇನೂ ಆಗಿಲ್ರಿ."

"ಆಗದಾಗ ನೋಡೂದ ಸಸಾರ ಐತ್ರಿ."

ಕುಳಿತೆ. ಕೆಳಗಿನ ಹಲ್ಲುಗಳ ಹಿಂದೆ, ಅದೇ ಜಾಗದಲ್ಲಿ, ಅದೇ ಕಿಟ್ಟ ಶುರುವಾಗಿತ್ತು. ದಿನಕ್ಕೆರಡು ಸಲ ಉಜ್ಜುವವಳು ನಾನು, ಮಕ್ಕಳಿಗೆ ಹೇಳಿಕೊಡುವವಳು. ಬ್ರಷ್ಷಿಗೆ ಸಿಗದ ಜಾಗ ಬಾಯಲ್ಲಿ ಇದೆ ಎಂದು ಆ ದಿನ ಗೊತ್ತಾಯಿತು. ಒಂದೇ ಸಲಕ್ಕೆ, ಇಪ್ಪತ್ತು ನಿಮಿಷದಲ್ಲಿ ಮುಗಿಯಿತು. ನೋವಾಗಲಿಲ್ಲ, ಯಂತ್ರದ ಸಪ್ಪಳಕ್ಕೆ ಮಾತ್ರ ಎರಡೂ ಕೈ ಮುಷ್ಟಿ ಕಟ್ಟಿದ್ದೆ.

ಮೊದಲ ವರ್ಷ ಇವರು ಮೂರು ತಿಂಗಳಿಗೊಮ್ಮೆ ಹೋದರು. ಈಗ ಇಬ್ಬರೂ ಆರು ತಿಂಗಳಿಗೊಮ್ಮೆ. ಬಿದ್ದ ಹಲ್ಲಿನ ಜಾಗಕ್ಕೆ ಒಂದು ಕಟ್ಟಿಸಿದ್ದಾರೆ, ಹತ್ತಿರದಿಂದ ನೋಡಿದರೆ ಗೊತ್ತಾಗುತ್ತದೆ. ಕಡಕ್ ರೊಟ್ಟಿಯನ್ನು ಮುಂದಿನ ಹಲ್ಲಿನಿಂದ ಮುರಿಯಬೇಡಿ ಎಂದು ಡಾಕ್ಟರ್ ಹೇಳಿದ್ದಾಳೆ, ಕೈಯಿಂದ ಮುರಿದುಕೊಂಡು ತಿನ್ನುತ್ತಾರೆ.

ಹೋದ ತಿಂಗಳು ಹೋಗಿದ್ದೆವು. ಡಾಕ್ಟರ್ ಸಣ್ಣ ಗೆರೆಗಳಿದ್ದ ಕಡ್ಡಿಯನ್ನು ಮೂರೂ ಹಲ್ಲುಗಳ ಬುಡಕ್ಕೆ ಇಳಿಸಿ ಒಸಡು ಎಷ್ಟು ಬಿಟ್ಟಿದೆ ಎಂದು ಅಳೆದಳು, ಹಳೆಯ ಕಾಗದಕ್ಕೆ ತಾಳೆ ನೋಡಿದಳು.

"ಹೋದ ಸಲ ಇದ್ದಷ್ಟ ಐತ್ರಿ."

"ಅಂದ್ರ ಏನೂ ಸುಧಾರಿಸಿಲ್ಲೇನ್ರಿ?" ಎಂದರು ಇವರು.

"ಇದಕ್ಕ ಸುಧಾರಣೆ ಅಂದ್ರ ಇದರಿ. ಇದ್ದಲ್ಲೆ ಇರೂದು."

ಇವರು ನಾಲಗೆಯಿಂದ ಮೂರನ್ನೂ ಮುಟ್ಟಿ ನೋಡಿಕೊಂಡರು. ಮುಂದಿನ ತಾರೀಕು ಬರೆದ ಕಾರ್ಡು ಇಸಕೊಂಡು, ಆ ದಿನ ತಮ್ಮ ವಾರದ ರಜೆ ಬೀಳುತ್ತದೋ ಇಲ್ಲವೋ ಎಂದು ಬೆರಳು ಮಡಿಚಿ ಲೆಕ್ಕ ಹಾಕಿದರು. ಬೀಳುವುದಿಲ್ಲ ಎಂದಾದ ಮೇಲೆ, ಒಂದು ದಿನ ಮೊದಲೇ ಕೊಡ್ರಿ ಎಂದು ಕಾರ್ಡನ್ನು ತಿರುಗಿ ಅವಳ ಕೈಗೆ ಕೊಟ್ಟರು.